ಮನೆಯಲ್ಲಿ ಏನಿದೆ?

ಕಿರು ಕ್ರೈಸ್ತ ಸಮುದಾಯಗಳ ಸಭೆಗೆ ಒಂದು ಪಾಠ
ಓದು: ಅರಸುಗಳು ಎರಡನೆಯ ಗ್ರಂಥ, 4:1-7



ನಮ್ಮ ಕಿರು ಕ್ರೈಸ್ತ ಸಮುದಾಯಗಳು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತವೆ. ಹಾಡು, ಜಪಮಾಲೆ, ಬೈಬಲ್ ಓದು, ಆಮೇಲೆ ಟೀ. ಎಲ್ಲವೂ ಕ್ರಮವಾಗಿಯೇ ನಡೆಯುತ್ತದೆ. ಆದರೆ ಓದಿದ ಕಥೆ, ಬೈಬಲ್ ಮುಚ್ಚಿದ ಕೂಡಲೇ ಅದರೊಳಗೇ ಉಳಿದುಬಿಡುವುದನ್ನು ನಾವು ಬಹಳ ಕಡೆ ಕಂಡಿದ್ದೇವೆ. ಈ ಸಲ ಎಲೀಷ ಪ್ರವಾದಿ ಮತ್ತು ವಿಧವೆಯ ಎಣ್ಣೆಯ ಕಥೆಯನ್ನು ಆರಿಸಿಕೊಂಡಿದ್ದೇವೆ. ಕಾರಣ, ಇದನ್ನು ಒಮ್ಮೆ ನಾವೇ ತಪ್ಪಾಗಿ ಕಲಿಸಿದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಉಪಕೇಂದ್ರದ ಊರಿನಲ್ಲಿ ಈ ಪಾಠ ಮಾಡಿ, ವಿಶ್ವಾಸವಿದ್ದರೆ ಮನೆಯ ಎಣ್ಣೆ ಬತ್ತುವುದಿಲ್ಲ ಎಂದು ಹೇಳಿ ಬಂದೆವು. ಎಲ್ಲರೂ ತಲೆದೂಗಿದರು. ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ತಾಯಿ ಮಾತ್ರ ಮುಂದಿನ ಎರಡು ಸಭೆಗೆ ಬರಲೇ ಇಲ್ಲ. ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆಗೆ ಹೋಗಿ ವಿಚಾರಿಸಿದಾಗ, "ನನ್ನ ವಿಶ್ವಾಸ ಸಾಲ್ದು ಅಂತ ತಾನೆ ಸಿಸ್ಟರ್ ನೀವು ಹೇಳಿದ್ದು? ಮೂರು ಕಡೆ ಕಂತು ಕಟ್ಬೇಕು. ದೊಡ್ಡ ಮಗನ್ನ ಸ್ಕೂಲು ಬಿಡಿಸಿದೀನಿ. ನಮ್ಮನೇಲಿ ಯಾವ ಎಣ್ಣೆ ಉಕ್ಕುತ್ತೆ?" ಎಂದರು. ಸಮಾಜಕಾರ್ಯದಲ್ಲಿ ಪದವಿ ಪಡೆದ ನಮಗೆ ಆಗ ಉತ್ತರ ಹೊಳೆಯಲಿಲ್ಲ. ಅವರ ಅಡುಗೆಮನೆಯಲ್ಲೇ ಕುಳಿತು ಏಳು ವಚನಗಳನ್ನೂ ಮತ್ತೆ ಓದಿದೆವು. ಆಗ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕಥೆ ಆರಂಭವಾಗುವುದು ಎಣ್ಣೆಯಿಂದಲ್ಲ, ಒಬ್ಬ ಹೆಂಗಸಿನ ಕೂಗಿನಿಂದ. ಆಕೆಯ ಗಂಡ ಪ್ರವಾದಿಗಳ ಗುಂಪಿಗೆ ಸೇರಿದವನು, ದೇವರಿಗೆ ಭಯಪಟ್ಟು ಬಾಳಿದವನು. ಆದರೂ ಸಾಲ ಮಾಡಿ ಸತ್ತ. ಇದನ್ನು ಗಮನಿಸಿ: ಸಾಲ ಬಂದದ್ದು ಪಾಪದಿಂದ, ಭಕ್ತಿಯ ಕೊರತೆಯಿಂದ ಎಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಈಗ ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಜೀತ ಎಂದರೇನೆಂದು ನಮ್ಮ ಊರುಗಳ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ಜೀತಪದ್ಧತಿ ನಿರ್ಮೂಲನೆಯ ಕಾನೂನು ಬಂದದ್ದೇ 1976ರಲ್ಲಿ. ಸಭೆಯಲ್ಲಿ ವಯಸ್ಸಾದವರಿದ್ದರೆ ಅವರು ಕಂಡದ್ದನ್ನು ಹೇಳಲು ಬಿಡಿ. ಅದೂ ಪಾಠದ ಭಾಗವೇ.

ಎಲೀಷ ಏನು ಮಾಡಿದ? ಉಪದೇಶ ಕೊಡಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಎರಡು ಪ್ರಶ್ನೆ ಕೇಳಿದ. ನಾನು ನಿನಗೆ ಏನು ಮಾಡಲಿ? ನಿನ್ನ ಮನೆಯಲ್ಲಿ ಏನಿದೆ? ಆಕೆ ಮೊದಲು ಏನೂ ಇಲ್ಲ ಎಂದಳು, ಆಮೇಲೆ ಎಣ್ಣೆಯ ಒಂದು ಕುಡಿಕೆಯನ್ನು ನೆನಪು ಮಾಡಿಕೊಂಡಳು. ಸ್ವಸಹಾಯ ಸಂಘ ಕಟ್ಟುವಾಗ ನಾವೂ ಇದನ್ನೇ ನೋಡಿದ್ದೇವೆ. "ನಮ್ಮ ಹತ್ರ ಏನೈತೆ ಸಿಸ್ಟರ್" ಅಂತಲೇ ಶುರುವಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಎರಡು ಕುರಿ, ಹೊಲಿಗೆ ಯಂತ್ರ, ಅಣ್ಣನ ಊರಿನ ಬಸ್ಸಿನ ಪರಿಚಯ, ಒಂದೊಂದಾಗಿ ಹೊರಗೆ ಬರುತ್ತವೆ.

ಆಮೇಲೆ ಪಾತ್ರೆಗಳು. ನೆರೆಹೊರೆಯವರಿಂದ ಖಾಲಿ ಪಾತ್ರೆ ಕೇಳಿ ತಾ, ಕಡಿಮೆ ತರಬೇಡ ಎಂದು ಪ್ರವಾದಿ ಹೇಳುತ್ತಾನೆ. ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು. ಅಂದರೆ ಊರಿನವರು ಕೊಟ್ಟಷ್ಟು ಪಾತ್ರೆ ತುಂಬಿತು. ನಾವು ಅಂದು ಹೇಳದೇ ಬಿಟ್ಟದ್ದು ಇದನ್ನೇ! ವಿಶ್ವಾಸದ ಪರೀಕ್ಷೆಯನ್ನು ಆ ವಿಧವೆಯೊಬ್ಬಳ ತಲೆಗೆ ಕಟ್ಟಿದ್ದೆವು, ಪಾತ್ರೆ ಕೊಡಬೇಕಾದ ನೆರೆಹೊರೆಯನ್ನು ಮರೆತಿದ್ದೆವು. ಕೊನೆಗೆ ಎಣ್ಣೆ ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಮಕ್ಕಳೊಡನೆ ಬಾಳು ಎಂದು ಪ್ರವಾದಿ ಹೇಳುತ್ತಾನೆ. ಪವಾಡ ಸಂತೆಗೆ ಹೋಗಿ ವ್ಯಾಪಾರವಾಗಿ ಮುಗಿಯುತ್ತದೆ.

ಇದರ ಜೊತೆಗೆ ಧರ್ಮೋಪದೇಶಕಾಂಡ 24:10-11 ಓದಿರಿ. ಸಾಲ ಕೊಟ್ಟವನು ಒತ್ತೆಯ ವಸ್ತುವಿಗಾಗಿ ಬಡವನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು ಎನ್ನುತ್ತದೆ ಧರ್ಮಶಾಸ್ತ್ರ. ಸಾಲ ಕೊಟ್ಟ ಮಾತ್ರಕ್ಕೆ ಹೊಸಿಲು ದಾಟುವ ಹಕ್ಕು ಬರುವುದಿಲ್ಲ. ಇಂದಿನ ಕಾನೂನೂ ಇದೇ ದಾರಿಯಲ್ಲಿದೆ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು, ಬೈಯಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶನ ನೀಡಿತು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಇದನ್ನೆಲ್ಲ ಬೈಬಲ್ ಸಭೆಯಲ್ಲಿ ಯಾಕೆ ಹೇಳಬೇಕು ಎಂದು ಕೆಲವರು ಕೇಳುತ್ತಾರೆ. ಆ ವಿಧವೆ ಕೂಗಿದ್ದು ಇದಕ್ಕೇ ಅಲ್ಲವೇ?

ಸಭೆ ನಡೆಸುವವರಿಗೆ ಒಂದು ಮಾತು. ನಮ್ಮಲ್ಲಿ ಬಳಕೆಯಲ್ಲಿರುವ ಏಳು ಹೆಜ್ಜೆಗಳ ವಿಧಾನ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದದ್ದು. ಪ್ರಭುವನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ತಾಕಿದ ಮಾತನ್ನು ಮತ್ತೆ ಹೇಳುವುದು, ಮೌನ, ಹಂಚಿಕೊಳ್ಳುವುದು, ಕೂಡಿ ಮಾಡಬೇಕಾದ ಕೆಲಸವನ್ನು ನಿಶ್ಚಯಿಸುವುದು, ಪ್ರಾರ್ಥನೆ. ಆರನೆಯದನ್ನು ಹಾರಿಸಿ ನೇರವಾಗಿ ಏಳಕ್ಕೆ ಹೋಗುವುದು ನಮ್ಮ ಅಭ್ಯಾಸವಾಗಿದೆ. ಹೊತ್ತಾಯಿತು, ಟೀ ಆರುತ್ತೆ ಅಂತ. ಈ ಪಾಠದಲ್ಲಾದರೂ ಹಾಗೆ ಮಾಡಬೇಡಿ. ನಮ್ಮ ಬೀದಿಯಲ್ಲಿ ಇಂದು ಕೂಗುತ್ತಿರುವವರು ಯಾರು, ನಾವು ಯಾವ ಪಾತ್ರೆ ಕೊಡಬಲ್ಲೆವು ಎಂದು ಕೇಳಿ. ಉತ್ತರ ಬರುವವರೆಗೂ ಕಾಯಿರಿ. ಸಾಲವಿರುವವರ ಹೆಸರು ಹಿಡಿದು ಮಾತ್ರ ಕೇಳಬೇಡಿ. ನಾಚಿಕೆಯಿಂದ ಮುಂದಿನ ಸಭೆಗೆ ಬಾರದೇ ಹೋಗುತ್ತಾರೆ.

ಆ ಊರಿನಲ್ಲಿ ಎರಡನೇ ಸಲ ಪಾಠ ಮಾಡಿದಾಗ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, "ಕಂತಿನವರು ಬರೋ ದಿನ ನಾನು ಅವಳ ಜಗಲೀಲಿ ಕೂತಿರ್ತೀನಿ" ಎಂದರು. ಇನ್ನೂ ನಾಲ್ಕು ಜನ ಸೇರಿಕೊಂಡರು, ಅವರಲ್ಲಿ ಇಬ್ಬರು ನಮ್ಮ ಸಭೆಯವರೂ ಅಲ್ಲ, ನೆರೆಮನೆಯ ಹಿಂದೂ ಹೆಂಗಸರು. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆವು. ಮೂರರಲ್ಲಿ ಒಂದು ಸಾಲ ತೀರಿದೆ. ಮಗ ಒಂದು ವರ್ಷ ತಡವಾಗಿ ಮತ್ತೆ ಶಾಲೆಗೆ ಸೇರಿದ.

ಮುಂದಿನ ತಿಂಗಳಿಗೆ ನೆಹೆಮೀಯ 5:1-13 ಓದಿಕೊಂಡು ಬನ್ನಿ. ಅಲ್ಲಿ ಸಾಲ ಕೊಟ್ಟವರೂ ದೇವರ ಜನರೇ. ನಮ್ಮ ಸಭೆಗಳಲ್ಲೂ ಬಡ್ಡಿಗೆ ಕೊಡುವವರು ಇರುತ್ತಾರೆ, ಅವರನ್ನೂ ತಪ್ಪದೆ ಕರೆಯಿರಿ.