ನರಗಳ ಸುದ್ದಿ

ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಮಗ್ಗುಲಲ್ಲಿರುವ ಅಟ್ಟೂರು ಒಂದು ಕಾಲಕ್ಕೆ ಕೆರೆ, ಹೊಲಗಳ ನಡುವಣ ಹಳ್ಳಿ. ಇಂದು ಅದು ಮಹಾನಗರದ ಒಂದು ಭಾಗ. ಅಲ್ಲಿಯ ಕೆರೆಯ ದಂಡೆಯಲ್ಲಿ ಬರಿಗಾಲಿನಲ್ಲಿ ನಡೆಯುತ್ತಿರುವ ಬಾಲಕನೊಬ್ಬನ ಅಂಗಾಲಿಗೆ ಜಾಲಿಯ ಮುಳ್ಳು ಚುಚ್ಚಿತೆಂದು ಭಾವಿಸೋಣ. ಅವನ ಕಾಲು ಥಟ್ಟನೆ ಮೇಲೇಳುತ್ತದೆ. ‘ಅಯ್ಯೋ’ ಎಂಬ ಉದ್ಗಾರ ಹೊರಡುವುದು ಅನಂತರ. ನೋವು ಅರಿವಿಗೆ ಬರುವ ಮೊದಲೇ ಕಾಲು ಮೇಲೆದ್ದುದು ಹೇಗೆ?

ಈ ಕಾರ್ಯವನ್ನು ನಡೆಸುವುದು ನರಮಂಡಲ. ಮಿದುಳು, ಬೆನ್ನುಹುರಿ ಹಾಗೂ ದೇಹದಲ್ಲೆಲ್ಲ ಹರಡಿರುವ ನರಗಳು ಇದರ ಅಂಗಗಳು. ಮುಳ್ಳು ಚುಚ್ಚಿದ ಸುದ್ದಿಯನ್ನು ಜ್ಞಾನವಾಹಿ ನರವು ಬೆನ್ನುಹುರಿಗೆ ಒಯ್ಯುತ್ತದೆ. ಬೆನ್ನುಹುರಿಯು ಮಿದುಳಿನ ಅಪ್ಪಣೆಗೆ ಕಾಯದೆ, ಕ್ರಿಯಾವಾಹಿ ನರದ ಮೂಲಕ ಕಾಲಿನ ಸ್ನಾಯುಗಳಿಗೆ ಆಜ್ಞೆಯನ್ನು ಕಳುಹಿಸುತ್ತದೆ. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಎಂದು ಹೆಸರು. ಸುದ್ದಿಯು ಮಿದುಳನ್ನು ಮುಟ್ಟಿದ ಮೇಲೆಯೇ ಬಾಲಕನಿಗೆ ನೋವಿನ ಅರಿವಾಗುತ್ತದೆ.

ನರಮಂಡಲದ ಮೂಲ ಘಟಕ ನರಕೋಶ. ಮನುಷ್ಯನ ಮಿದುಳೊಂದರಲ್ಲಿಯೇ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದು ನರಕೋಶಕ್ಕೂ ಒಂದು ಕೋಶಕಾಯವುಂಟು. ಅದರಿಂದ ಕವಲೊಡೆದ ಡೆಂಡ್ರೈಟುಗಳು ಸುದ್ದಿಯನ್ನು ಬರಮಾಡಿಕೊಳ್ಳುತ್ತವೆ. ನೀಳವಾದ ಆಕ್ಸಾನು ಅದನ್ನು ಮುಂದಕ್ಕೆ ಸಾಗಿಸುತ್ತದೆ. ಬೆನ್ನುಹುರಿಯಿಂದ ಪಾದದವರೆಗೆ ಚಾಚಿರುವ ಆಕ್ಸಾನು ಸುಮಾರು 1 ಮೀಟರ್ ಉದ್ದವಿರುವುದುಂಟು.

ತಂತಿಯಲ್ಲಿ ವಿದ್ಯುತ್ತು ಹರಿಯುವಂತೆ ನರದಲ್ಲಿ ಸುದ್ದಿ ಹರಿಯುತ್ತದೆಂದು ಹೇಳುವುದು ವಾಡಿಕೆ. ಆದರೆ ಇದು ಪೂರ್ಣ ಸತ್ಯವಲ್ಲ. ವಿಶ್ರಾಂತಿಯಲ್ಲಿರುವ ಆಕ್ಸಾನಿನ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣಾತ್ಮಕವಾಗಿರುತ್ತದೆ. ಸೋಡಿಯಂ ಅಯಾನುಗಳು ಹೊರಗೆ ಹೆಚ್ಚಾಗಿಯೂ ಪೊಟ್ಯಾಸಿಯಂ ಅಯಾನುಗಳು ಒಳಗೆ ಹೆಚ್ಚಾಗಿಯೂ ಇರುತ್ತವೆ. ಆಕ್ಸಾನಿನ ಪೊರೆಯಲ್ಲಿ ಸೂಕ್ಷ್ಮವಾದ ದ್ವಾರಗಳಿವೆ. ಪ್ರಚೋದನೆಯುಂಟಾದಾಗ ಸೋಡಿಯಂ ದ್ವಾರಗಳು ತೆರೆದು ಆ ಅಯಾನುಗಳು ಒಳನುಗ್ಗುತ್ತವೆ. ಒಳಭಾಗವು ಕ್ಷಣಕಾಲ ಧನಾತ್ಮಕವಾಗುತ್ತದೆ. ಈ ಬದಲಾವಣೆಯೇ ಪಕ್ಕದ ದ್ವಾರಗಳನ್ನು ತೆರೆಸುತ್ತದೆ. ಅಷ್ಟರಲ್ಲಿ ಹಿಂದಿನ ದ್ವಾರಗಳು ಮುಚ್ಚಿಕೊಂಡು, ಪೊಟ್ಯಾಸಿಯಂ ಅಯಾನುಗಳು ಹೊರಹೋಗಿ, ಅಲ್ಲಿ ಮೊದಲಿನ ಸ್ಥಿತಿ ಮರಳುತ್ತದೆ. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಒಂದರ ಮೇಲೊಂದು ಬೀಳುತ್ತಾ ಹೋಗುವುದನ್ನು ನೀವು ನೋಡಿರಬಹುದು. ಇಲ್ಲಿ ಮುಂದೆ ಸಾಗುವುದು ಬೀಳುವಿಕೆಯೇ ಹೊರತು ಇಟ್ಟಿಗೆಯಲ್ಲ. ನರದ ವಿಶೇಷವೆಂದರೆ, ಬಿದ್ದ ಇಟ್ಟಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ! ಮೈಲಿನ್ ಎಂಬ ಹೊದಿಕೆಯುಳ್ಳ ಕೆಲವು ನರತಂತುಗಳಲ್ಲಿ ಸುದ್ದಿಯ ವೇಗವು ಸೆಕೆಂಡಿಗೆ ಸುಮಾರು 100 ಮೀಟರ್.

ಈ ದ್ವಾರಗಳು ಕೆಟ್ಟರೆ ಏನಾಗುವುದು? ಇದಕ್ಕೆ ಉತ್ತರವನ್ನು ಒಂದು ಸಣ್ಣ ನೊಣವು ನೀಡಿತು. ಅಟ್ಟೂರಿಗೆ ಹೆಚ್ಚು ದೂರವಲ್ಲದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಿದೆ. ಅದನ್ನು ಸ್ಥಾಪಿಸಿ ಬೆಳೆಸಿದ ಒಬೈದ್ ಸಿದ್ದಿಕಿಯವರು (1932–2013) ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಅಮೆರಿಕದ ಸೇಮೋರ್ ಬೆಂಜರ್ ಅವರೊಡನೆ ಹಣ್ಣಿನ ನೊಣಗಳನ್ನು ಅಭ್ಯಸಿಸಿದರು. ಆನುವಂಶಿಕ ದೋಷವುಳ್ಳ ಕೆಲವು ನೊಣಗಳು ಉಷ್ಣತೆ ಹೆಚ್ಚಿದೊಡನೆ ನಿಶ್ಚೇಷ್ಟಿತವಾಗಿ ಬೀಳುತ್ತಿದ್ದವು, ತಂಪಾದಾಗ ಚೇತರಿಸಿಕೊಳ್ಳುತ್ತಿದ್ದವು. ಇಂತಹ ಒಂದು ಬಗೆಯ ನೊಣದಲ್ಲಿ ದೋಷವಿರುವುದು ಸೋಡಿಯಂ ದ್ವಾರದಲ್ಲಿಯೇ ಎಂಬುದು ಮುಂದೆ ಸ್ಥಿರಪಟ್ಟಿತು. ದ್ವಾರ ತೆರೆಯದಿದ್ದರೆ ಸುದ್ದಿಯಿಲ್ಲ, ಸುದ್ದಿಯಿಲ್ಲದಿದ್ದರೆ ಚಲನೆಯಿಲ್ಲ.

ಸುದ್ದಿಯು ಆಕ್ಸಾನಿನ ತುದಿಯನ್ನು ತಲುಪಿದರೂ ಕೆಲಸ ಮುಗಿಯಲಿಲ್ಲ. ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಕಿರಿದಾದ ತೆರವಿದೆ. ನರದ ತುದಿಯಿಂದ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಈ ತೆರವನ್ನು ದಾಟಿ, ಸ್ನಾಯುವಿನ ಗ್ರಾಹಕಗಳನ್ನು ಸೇರಿದಾಗಲೇ ಸ್ನಾಯು ಸಂಕುಚಿಸುತ್ತದೆ. ನಾಗರಹಾವಿನ ವಿಷದ ಒಂದು ಅಂಶವು ಈ ಗ್ರಾಹಕಗಳನ್ನೇ ಆಕ್ರಮಿಸಿಕೊಳ್ಳುತ್ತದೆ. ಆಗ ನರವು ಆಜ್ಞೆಯಿತ್ತರೂ ಸ್ನಾಯುವಿಗೆ ಅದು ತಲುಪದು. ಕಣ್ಣಿನ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. ಆದುದರಿಂದ ಹಾವು ಕಚ್ಚಿದಾಗ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಕಾಲವನ್ನು ಕಳೆಯಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಪ್ರತಿವಿಷವನ್ನು ನೀಡಿ, ಬೇಕಾದಲ್ಲಿ ಯಂತ್ರದ ನೆರವಿನಿಂದ ಉಸಿರಾಡಿಸಿ, ಪ್ರಾಣವನ್ನು ಉಳಿಸಬಹುದು.

ಮುಳ್ಳು ತುಳಿದ ಬಾಲಕನ ಕಾಲು ತಾನಾಗಿಯೇ ಮೇಲೆದ್ದಿತು. ಆ ಒಂದು ಕ್ಷಣದಲ್ಲಿ ಅಸಂಖ್ಯಾತ ದ್ವಾರಗಳು ತೆರೆದು ಮುಚ್ಚಿಕೊಂಡವು. ರಾಸಾಯನಿಕವು ತೆರವನ್ನು ದಾಟಿತು. ನಾವು ಓದುವಾಗ, ಆಡುವಾಗ, ನಿದ್ರಿಸುವಾಗಲೂ ಈ ಸುದ್ದಿಯ ಸಂಚಾರ ನಿಲ್ಲದು. ಅದು ಎಲ್ಲಿ ನಿಲ್ಲಬಹುದೆಂಬುದನ್ನು ಅರಿತವರು ಇನ್ನೊಬ್ಬರ ಉಸಿರನ್ನು ಉಳಿಸಬಲ್ಲರು.