ಭೂತಾನದ ಹೊಳೆ, ನಮ್ಮ ಕರೆಂಟು

ಉಡುಮಲೈಪೇಟೆ ಸುತ್ತ ಗಾಳಿಯಂತ್ರಗಳನ್ನು ದಿನಾ ನೋಡುತ್ತೀರಿ, ಅಲ್ಲವೇ? ಗಾಳಿ ನಿಂತರೆ ಅವೂ ನಿಲ್ಲುತ್ತವೆ. ಮಗ್ಗ, ಬಾವಿ ಮೋಟಾರು ನಿಲ್ಲಬಾರದು. ಅದಕ್ಕೇ ಹೊರಗಿನಿಂದಲೂ ಕರೆಂಟು ತರಬೇಕು.

ನಮ್ಮ ದೇಶ ಭೂತಾನದಿಂದ ಕರೆಂಟು ಕೊಳ್ಳುತ್ತದೆ. ಅಲ್ಲಿ ಬೆಟ್ಟದ ಹೊಳೆನೀರು ರಭಸವಾಗಿ ಇಳಿದು ಯಂತ್ರ ತಿರುಗಿಸುತ್ತದೆ. ತಾಲಾ ಎಂಬ ಒಂದು ಕೇಂದ್ರದ ಶಕ್ತಿಯೇ 1020 ಮೆಗಾವ್ಯಾಟ್. ನಮ್ಮ ಆನೆಮಲೆಯ ಕಾಡಂಪಾರೈ ಕೇಂದ್ರದ್ದು 400. ತಾಲಾ ಕಟ್ಟಲು ಹಣ ಕೊಟ್ಟದ್ದು ಭಾರತ.

ಅಷ್ಟು ದೂರದ್ದು ನಮಗೆ ಹೇಗೆ ಸಿಗುತ್ತದೆ? ದೇಶದ ದೊಡ್ಡ ತಂತಿಗಳೆಲ್ಲ ಈಗ ಒಂದೇ ಜಾಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿ ಕೂಡಿಸಿ ದಕ್ಷಿಣವನ್ನೂ ಸೇರಿಸಿದರು.

ಆದರೆ ಒಂದು ಮಾತು. ಮಳೆಗಾಲದಲ್ಲಿ ಭೂತಾನದ ಹೊಳೆ ತುಂಬುತ್ತದೆ, ಮಿಕ್ಕಿದ ಕರೆಂಟು ಮಾರುತ್ತಾರೆ. ಚಳಿಗಾಲದಲ್ಲಿ ನೀರು ಇಳಿಯುತ್ತದೆ. ಆಗ ಅವರೇ ನಮ್ಮಿಂದ ಕೊಳ್ಳುತ್ತಾರೆ! ನಮ್ಮ ಆಷಾಢದ ಗಾಳಿಯೂ ಮಳೆಗಾಲದ್ದೇ. ಎರಡೂ ಒಟ್ಟಿಗೆ ಹೆಚ್ಚು, ಒಟ್ಟಿಗೆ ಕಡಿಮೆ. ಚಳಿಗಾಲಕ್ಕೆ ಕಲ್ಲಿದ್ದಲು, ಬಿಸಿಲಿನ ಕರೆಂಟು ಬೇಕೇ ಬೇಕು.