ರೋಗಕ್ಕೆ ಅದರ ಪಾಲಷ್ಟೇ ಕೊಡಿ

ಪ್ರಶ್ನೆ: ಮೇಡಂ, ನನಗೆ 44 ವರ್ಷ. ದಾವಣಗೆರೆ ಹತ್ತಿರದ ಊರಲ್ಲಿ ಟೇಲರ್. ಬಿಪಿ ಹಳೆಯದು. ಹೋದ ವರ್ಷ ಕಾಲು, ಮುಖ ಊದಿಕೊಂಡು ಆಸ್ಪತ್ರೆಗೆ ಹೋದಾಗ ಎರಡೂ ಕಿಡ್ನಿ ಫೇಲ್ ಅಂದರು. ಡಯಾಲಿಸಿಸ್‌ಗಾಗಿ ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಸೋಮವಾರ, ಗುರುವಾರ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅದಕ್ಕೆ ದುಡ್ಡಿಲ್ಲ. ಆದರೆ ಮನೆಯಲ್ಲಿ ನಾನೀಗ ಲೆಕ್ಕಕ್ಕಿಲ್ಲ. ಹೆಂಡತಿ ಅಂಗಡಿ ಬಿಡಿಸಿದಳು. ಹೊಲಿಗೆ ಮಿಷನ್ ಮನೆಯ ಮೂಲೆಯಲ್ಲಿದೆ, ಅದರ ಮೇಲೆ ಹಳೇ ಸೀರೆ ಹೊದಿಸಿದ್ದಾಳೆ. ಕೊಡ ಎತ್ತಬೇಡಿ, ಬಿಸಿಲಿಗೆ ಹೋಗಬೇಡಿ, ಮದುವೆ-ಮುಂಜಿಗೆ ಬರಬೇಡಿ, ಸುಮ್ಮನೆ ಮಲಗಿ ಅನ್ನುತ್ತಾಳೆ. ಪಿಯುಸಿ ಓದುವ ಮಗಳು ಕಾಲೇಜಿನ ಕಾರ್ಯಕ್ರಮಕ್ಕೆ ಲಂಗ ಹೊಲಿದುಕೊಡು ಅಂತ ಕೇಳಿದರೆ, ‘ಅಪ್ಪಾಜಿಗೆ ತ್ರಾಸು ಕೊಡಬೇಡ’ ಅಂತ ಬೈದು ಬೇರೆ ಟೇಲರ್ ಹತ್ತಿರ ಕೊಟ್ಟಳು. ತಂಗಿ ತನ್ನ ಕಿಡ್ನಿ ಕೊಡುತ್ತೇನೆ ಅನ್ನುತ್ತಾಳೆ. ಅವಳಿಗೆ ಎರಡು ಚಿಕ್ಕ ಮಕ್ಕಳು, ನಾನು ಬೇಡ ಅಂದೆ. ಮಾವನ ಮನೆಯವರು ಯಾರೋ ಪಂಡಿತರ ಪುಡಿ ತಂದುಕೊಟ್ಟು, ಇದನ್ನು ತಿಂದರೆ ಡಯಾಲಿಸಿಸ್ಸೇ ಬೇಡ ಅಂತಾರೆ. ಹೋದ ತಿಂಗಳು ಬೇಜಾರಾಗಿ ಎರಡು ಸಲ ಡಯಾಲಿಸಿಸ್‌ಗೆ ಹೋಗಲೇ ಇಲ್ಲ. ಹೀಗೆ ಬದುಕಿ ಏನು ಪ್ರಯೋಜನ?
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ, ಉಳಿದದ್ದು ಆಮೇಲೆ.

ಡಯಾಲಿಸಿಸ್ ತಪ್ಪಿಸಬೇಡಿ. ಒಂದು ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಅದು ವಿಪರೀತ ಏರಿದಾಗ ಹೃದಯದ ಬಡಿತವೇ ತಪ್ಪಬಹುದು. ಮುನ್ಸೂಚನೆ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ನೀರು ಶ್ವಾಸಕೋಶಕ್ಕೆ ತುಂಬಿ ರಾತ್ರಿ ಉಸಿರು ಕಟ್ಟಬಹುದು. ನೀವು ಹೋಗದೆ ಉಳಿದದ್ದು ಬರೀ ಬೇಜಾರಿನಿಂದಲೋ, ಅಥವಾ ‘ಹೋದರೆ ಹೋಗಲಿ ಜೀವ’ ಎಂಬ ಯೋಚನೆ ಅದರ ಹಿಂದಿತ್ತೋ? ನೇರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅಂಥ ಯೋಚನೆ ಬಂದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಖಿನ್ನತೆ ತೀರಾ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಮುಂದಿನ ಸರದಿಯಲ್ಲಿ ವೈದ್ಯರಿಗೆ ಇದನ್ನೇ ಬಾಯಿಬಿಟ್ಟು ಹೇಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರೋಣ. ಪತ್ರದಲ್ಲಿ ಕಾಯಿಲೆಯ ಬಗ್ಗೆ ಇರುವುದು ನಾಲ್ಕೈದು ಸಾಲು, ಮಿಕ್ಕದ್ದೆಲ್ಲ ಸುಮ್ಮನೆ ಕೂರಿಸಿದ ನೋವು. ಸೂಜಿ ಚುಚ್ಚುವುದರ ಬಗ್ಗೆ ನೀವು ಒಂದು ಮಾತೂ ದೂರಿಲ್ಲ, ಮಿಷನ್ ಮೇಲಿನ ಸೀರೆಯ ಬಗ್ಗೆ ದೂರಿದ್ದೀರಿ. ಕಿಡ್ನಿ ನಿಂತಿದೆ, ನಿಜ. ಕೈ, ಕಣ್ಣು, ಕಸುಬು ನಿಂತಿಲ್ಲವಲ್ಲ? ವಾರಕ್ಕೆ 168 ಗಂಟೆ. ಒಂದು ಸರದಿಗೆ ನಾಲ್ಕು ಗಂಟೆಯಂತೆ ಡಯಾಲಿಸಿಸ್‌ಗೆ ಎಂಟು ಗಂಟೆ. ಬಸ್ಸು, ಕಾಯುವುದು, ಬಂದ ಮೇಲಿನ ಸುಸ್ತು ಎಲ್ಲ ಸೇರಿಸಿ ಎರಡು ಪೂರ್ತಿ ದಿನ ಅದಕ್ಕೇ ಹೋಗಲಿ. ಅದು ರೋಗದ ಪಾಲು, ಚೌಕಾಸಿ ಮಾಡದೆ ಕೊಟ್ಟುಬಿಡಿ. ಉಳಿದ ಐದು ದಿನ ರೋಗ ಕೇಳಿಲ್ಲ, ಮನೆಯವರು ಪ್ರೀತಿಯಿಂದ ಅದಕ್ಕೆ ದಾನ ಕೊಟ್ಟಿದ್ದಾರೆ. ಅದನ್ನು ವಾಪಸ್ ತೆಗೆದುಕೊಳ್ಳಬೇಕು. ಭರವಸೆ ಬಂದ ಮೇಲೆ ಕೆಲಸ ಶುರು ಮಾಡುತ್ತೇನೆ ಅಂದುಕೊಂಡರೆ ಆ ದಿನ ಬರುವುದಿಲ್ಲ. ಕೈಗೆ ಒಂದು ಕೆಲಸ ಸಿಕ್ಕ ಮೇಲೆಯೇ ಭರವಸೆ ಬರುವುದು.

ಒಂದು ಮಾತು ವೈದ್ಯರನ್ನು ಕೇಳಿ: ವಾರಕ್ಕೆ ಎರಡು ಸರದಿ ನಿಮಗೆ ಸಾಕೇ? ಹೆಚ್ಚಿನವರಿಗೆ ಮೂರು ಬೇಕಾಗುತ್ತದೆ. ಇನ್ನೂ ಸ್ವಲ್ಪ ಮೂತ್ರ ಬರುತ್ತಿರುವ ಕೆಲವರಿಗೆ ಎರಡು ನಡೆದೀತು. ಸುಸ್ತು, ವಾಕರಿಕೆ, ತುರಿಕೆ ಬಿಡದೆ ಇದ್ದರೆ ಅದು ನಿಮ್ಮ ಸೋಮಾರಿತನವಲ್ಲ, ರಕ್ತ ಪೂರ್ತಿ ಶುದ್ಧವಾಗದೆ ಇರುವುದೂ ಕಾರಣವಿರಬಹುದು. ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಿಡ್ನಿ ಕೆಟ್ಟಾಗ ರಕ್ತ ಉತ್ಪತ್ತಿಗೆ ಬೇಕಾದ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಅದಕ್ಕೆ ಎರಿತ್ರೋಪೊಯೆಟಿನ್ ಇಂಜೆಕ್ಷನ್, ಕಬ್ಬಿಣಾಂಶ ಕೊಡುತ್ತಾರೆ. ಅದು ಸರಿಹೋದರೆ ಎಷ್ಟೋ ಜನರಿಗೆ ಮೆಟ್ಟಿಲು ಹತ್ತುವ ತ್ರಾಣ ಮರಳುತ್ತದೆ.

ಇನ್ನು ಕಸುಬು. ಫಿಸ್ಟುಲಾ ಎಡಗೈಯಲ್ಲಿ, ಕತ್ತರಿ ಬಲಗೈಯಲ್ಲಿ. ಅಲ್ಲಿಗೆ ಅರ್ಧ ಚಿಂತೆ ಹೋಯಿತು. ಎಡಗೈಯಿಂದ ಬಟ್ಟೆ ಹಿಡಿಯಬಹುದು, ಮಡಚಬಹುದು, ಸರಿಸಬಹುದು. ಭಾರ ಎತ್ತುವುದು ಮಾತ್ರ ಬೇಡ. ಬಟ್ಟೆಯ ಗಂಟು, ಇಸ್ತ್ರಿ ಪೆಟ್ಟಿಗೆ ಬಲಗೈಗೆ ಇರಲಿ. ತುಂಬಿದ ಕೊಡದ ವಿಷಯದಲ್ಲಿ ನಿಮ್ಮ ಮನೆಯವರು ಹೇಳಿದ್ದೇ ಸರಿ. ಆ ಕೈಗೆ ವಾಚು, ಬಿಗಿ ತೋಳಿನ ಅಂಗಿ ಬೇಡ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ತಲೆದಿಂಬಿನಂತೆ ಅದರ ಮೇಲೆ ಮಲಗಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಬಲಗೈಯ ಬೆರಳುಗಳನ್ನು ಫಿಸ್ಟುಲಾ ಮೇಲೆ ಹಗುರವಾಗಿ ಇಡಿ. ಮೋಟಾರು ಹಾಕಿದ ಹೊಲಿಗೆ ಮಿಷನ್ ಮೇಲೆ ಅಂಗೈ ಇಟ್ಟಾಗ ಸಿಗುವಂಥ ಒಂದು ಸಣ್ಣ ನಡುಕ ಚರ್ಮದಡಿ ತಿಳಿಯಬೇಕು. ಅದು ಸಿಗದಿದ್ದರೆ ನಾಳೆಗೆ ಬಿಡದೆ ಅಂದೇ ಆಸ್ಪತ್ರೆಗೆ ಹೋಗಿ. ಡಯಾಲಿಸಿಸ್ ಆದ ದಿನ ಸೂಜಿ, ಕತ್ತರಿ ಮುಟ್ಟಬೇಡಿ. ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಟ್ಟಿರುತ್ತಾರೆ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಸೊಂಟನೋವು ಬಂತೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಕೇಳಿ ನುಂಗಬೇಡಿ; ಅಳಿದುಳಿದ ಕಿಡ್ನಿಯ ಕೆಲಸವನ್ನೂ ಅವು ಕೆಡಿಸುತ್ತವೆ.

ಮಿಷನ್ ತುಳಿಯುವುದು ಕಾಲಿಗೆ ವ್ಯಾಯಾಮವೇ. ಕೆಲವು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ನಡೆಯುತ್ತಿರುವಾಗಲೇ, ಮೊದಲ ಒಂದೆರಡು ಗಂಟೆಯಲ್ಲಿ, ಮಲಗಿದಲ್ಲೇ ಸೈಕಲ್ ತುಳಿಸುವ ಪದ್ಧತಿಯಿದೆ. ಮಲಗಿಯೇ ಇದ್ದರೆ ಮಾಂಸಖಂಡ ಕರಗುತ್ತದೆ, ಕರಗಿದಷ್ಟೂ ಸುಸ್ತು ಹೆಚ್ಚುತ್ತದೆ, ಸುಸ್ತು ಅಂತ ಮತ್ತೆ ಮಲಗುತ್ತೀರಿ. ಕಿಡ್ನಿ ರೋಗಿಗಳ ಚಿಕಿತ್ಸೆಗೆ ಜಗತ್ತಿನ ತಜ್ಞರು ಒಪ್ಪಿದ ಮಾರ್ಗಸೂಚಿ ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ, ಅಥವಾ ಅವರವರ ದೇಹ ತಡೆಯುವಷ್ಟು, ಮಾಡಿ ಎನ್ನುತ್ತದೆ. ನೀವು ಹತ್ತು ನಿಮಿಷದಿಂದ ಶುರು ಮಾಡಿ. ಬಿಸಿಲೇರುವ ಮುಂಚೆ ನಡೆಯಿರಿ. ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ನಿಲ್ಲಿಸಿ. ಜ್ವರವಿದ್ದ ದಿನ, ಸರದಿ ತಪ್ಪಿದ ದಿನ ಬೇಡ. ಹೃದಯದ ಸ್ಥಿತಿ ನೋಡಿ ಎಷ್ಟು ಮಾಡಬಹುದೆಂದು ವೈದ್ಯರೇ ಹೇಳಲಿ.

ನೀರಿನ ವಿಷಯ ಮನೆಯಲ್ಲಿ ದಿನಾ ಜಗಳ ತರುವಂಥದ್ದು. ಸಾಮಾನ್ಯವಾಗಿ ಹೇಳುವ ಲೆಕ್ಕ ಇಷ್ಟೇ: ಹಿಂದಿನ ದಿನ ಎಷ್ಟು ಮೂತ್ರ ಬಂತೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಕಾಫಿ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಇದರೊಳಗೇ. ಬೆಳಿಗ್ಗೆ ಒಂದು ಬಾಟಲಿಗೆ ಅಂದಿನ ಪಾಲು ಅಳೆದು ಹಾಕಿ. ಒಂದು ಲೋಟ ಕಾಫಿ ಕುಡಿದಿರೋ, ಬಾಟಲಿಯಿಂದ ಅಷ್ಟು ನೀರು ಗಿಡಕ್ಕೆ ಸುರಿಯಿರಿ. ಆಗ ‘ಎಷ್ಟು ಕುಡಿದ್ರಿ?’ ಅಂತ ಹೆಂಡತಿ ಕೇಳುವುದೂ ಇಲ್ಲ, ನೀವು ಸುಳ್ಳು ಹೇಳುವುದೂ ಇಲ್ಲ. ಬಾಯಾರಿಕೆ ತರಿಸುವುದು ಉಪ್ಪು. ದಾವಣಗೆರೆ ಕಡೆಯವರಿಗೆ ಮಂಡಕ್ಕಿ-ಮಿರ್ಚಿ ಬಿಡಿ ಅನ್ನುವುದು ಎಷ್ಟು ಕ್ರೂರವೆಂದು ಗೊತ್ತು. ಆದರೂ ಹೇಳಲೇಬೇಕು. ಸಂಜೆ ಒಂದು ಪೊಟ್ಟಣ ಖಾರದ ಮಂಡಕ್ಕಿ, ಎರಡು ಮಿರ್ಚಿ ತಿಂದರೆ ರಾತ್ರಿಯಿಡೀ ನಾಲಿಗೆ ಒಣಗುತ್ತದೆ. ಆಮೇಲೆ ನೀರು ಕುಡಿಯಬೇಡಿ ಅಂದರೆ ಯಾರಿಗೆ ಸಾಧ್ಯ? ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿಯೂ ಹಾಗೇ. ದಿನದ ಉಪ್ಪೆಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ, ದಾಟಬಾರದು. ಹುಳಿ, ಮೆಣಸು, ಜೀರಿಗೆ, ಒಗ್ಗರಣೆಯಿಂದ ರುಚಿ ಬರಲಿ. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಪ್ಯಾಕೆಟ್ಟಿನಲ್ಲಿ ಸಿಗುವುದನ್ನಂತೂ ಮನೆಗೆ ತರಲೇಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಶಿಯಂ ಹಾಕಿರುತ್ತಾರೆ.

ಇಲ್ಲೊಂದು ವಿಪರ್ಯಾಸ ನೋಡಿ. ಕಾಯಿಲೆಯವರನ್ನು ನೋಡಲು ಬರುವವರು ನಮ್ಮಲ್ಲಿ ತರುವುದೇನು? ಎಳನೀರು, ಬಾಳೆಹಣ್ಣು, ಮೂಸಂಬಿ. ಮೂರರಲ್ಲೂ ಪೊಟ್ಯಾಶಿಯಂ ಜಾಸ್ತಿ, ನಿಮಗೆ ಮೂರೂ ಆಗಿಬರುವುದಿಲ್ಲ. ನಾಲ್ಕು ಹೋಳು ಸೇಬು ಅಥವಾ ಅನಾನಸ್ ಆದೀತು. ಧಾರೆಹುಳಿ, ಅಂದರೆ ನಕ್ಷತ್ರದಾಕಾರದ ಹಣ್ಣು, ಒಂದು ತುಂಡೂ ಬೇಡ. ಕಿಡ್ನಿ ಕೆಟ್ಟವರಿಗೆ ಅದು ವಿಷ, ಮಿದುಳಿಗೇ ಏರುತ್ತದೆ. ತರಕಾರಿ, ಆಲೂಗಡ್ಡೆ ಸಣ್ಣಗೆ ಹೆಚ್ಚಿ, ಹೆಚ್ಚು ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಬಸಿದು ಚೆಲ್ಲಿ ಪಲ್ಯ ಮಾಡಿದರೆ ಪೊಟ್ಯಾಶಿಯಂ ಎಷ್ಟೋ ಇಳಿಯುತ್ತದೆ. ಬಸಿದ ನೀರನ್ನು ಸಾರಿಗೆ ಹಾಕುವ ಅಭ್ಯಾಸ ಮಾತ್ರ ಬಿಡಬೇಕು. ಡಯಾಲಿಸಿಸ್‌ಗೆ ಮುಂಚೆ ‘ಬೇಳೆ, ಮೊಟ್ಟೆ ಬಿಡಿ’ ಅಂದಿದ್ದರೆ ಆ ಪಥ್ಯವನ್ನೇ ಈಗಲೂ ಹಿಡಿದು ಕೂರಬೇಡಿ. ಡಯಾಲಿಸಿಸ್‌ನಲ್ಲಿ ಪ್ರೊಟೀನ್ ಸೋರಿಹೋಗುತ್ತದೆ, ಈಗ ಹೆಚ್ಚು ಬೇಕು. ಮೊಟ್ಟೆಯ ಬಿಳಿಭಾಗ ಒಳ್ಳೆಯದು. ಮೊಟ್ಟೆ ತಿನ್ನದವರಾದರೆ ಯಾವ ಬೇಳೆ, ಎಷ್ಟು ಮೊಸರು ಎಂದು ಆಹಾರ ತಜ್ಞರನ್ನು ಕೇಳಿ.

ಈ ಮುಂದಿನ ಮಾತು ನಿಮ್ಮ ಮನೆಯವರಿಗೆ, ಓದಿ ಹೇಳಿ. ತಾಯೀ, ನೀವು ಭಯಕ್ಕೆ ಹೀಗೆ ಮಾಡಿದ್ದೀರಿ ಎಂಬುದು ಗೊತ್ತಿದೆ. ಊದಿದ ಮುಖ ನೋಡಿದ ರಾತ್ರಿ ನಿಮ್ಮ ಕಣ್ಣ ಮುಂದಿನಿಂದ ಹೋಗಿರಲಿಕ್ಕಿಲ್ಲ. ಅವರಿಗೆ ಬೇಡವಾದದ್ದು ಉಪ್ಪು, ಭಾರ, ಸೋಂಕು, ತಪ್ಪಿದ ಸರದಿ. ಕೆಲಸ ಆ ಪಟ್ಟಿಯಲ್ಲಿಲ್ಲ. ಮದುವೆಗೂ ಹೋಗಲಿ, ಎಲೆ ಮುಂದೆ ಕೂತು ಬೇಕಾದದ್ದಷ್ಟೇ ಉಣ್ಣಲಿ. ಮಗಳ ಮುಂದಿನ ಲಂಗ ಮನೆಯಲ್ಲೇ ಹೊಲಿಯಲಿ, ನಾಲ್ಕು ದಿನ ಹೆಚ್ಚು ಹಿಡಿದರೂ ಪರವಾಗಿಲ್ಲ. ಸಂಪಾದನೆಯ ಭಾರ ನಿಮ್ಮ ತಲೆ ಮೇಲೆ ಬಿದ್ದಿದ್ದರೆ, ಫಾಲ್ಸ್, ಹೆಮ್ಮಿಂಗ್, ಜಿಪ್ ಹಾಕುವಂಥ ಸಣ್ಣ ಕೆಲಸದಿಂದ ಅವರೂ ಒಂದಿಷ್ಟು ಹೊರಲಿ.

ದೊಡ್ಡವರ ಒಂದು ಉದಾಹರಣೆ ಹೇಳಿದರೆ ‘ಅವರಿಗೇನು ಬಿಡಿ’ ಅನ್ನುತ್ತೀರೇನೋ. ಆದರೂ ಕೇಳಿ. ಜಯಪ್ರಕಾಶ ನಾರಾಯಣರು ತುರ್ತು ಪರಿಸ್ಥಿತಿಯ ಬಂಧನದಿಂದ 1975ರ ನವೆಂಬರಿನಲ್ಲಿ ಹೊರಬಂದಾಗ ಕಿಡ್ನಿ ಕೈಕೊಟ್ಟಿತ್ತು. 1977ರ ಚುನಾವಣೆಯ ಹೊತ್ತಿಗೆ ಅವರು ಡಯಾಲಿಸಿಸ್ ಮೇಲಿದ್ದರು. ಸಭೆಗಳಲ್ಲಿ ಮಾತಾಡಿದರು, ಸರ್ಕಾರ ಬದಲಾಯಿತು. ಆಗ ಡಯಾಲಿಸಿಸ್ ಅಂದರೆ ಬೆರಳೆಣಿಕೆಯ ದೊಡ್ಡ ಊರುಗಳ ಮಾತು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತಿದೆ. ಜಯಪ್ರಕಾಶರು ಸರದಿಗಳ ನಡುವಿನ ದಿನಗಳಲ್ಲಿ ದೇಶದ ಕೆಲಸ ಮಾಡಿದರು. ನಿಮಗೆ ನಿಮ್ಮ ಮನೆಯ ಕೆಲಸ ಸಾಕು.

ತಂಗಿಯ ವಿಷಯ. ಬೇಡ ಅನ್ನುವ ಹಕ್ಕು ನಿಮಗಿದೆ, ಆದರೆ ಪರೀಕ್ಷೆಯೇ ಮಾಡಿಸದೆ ಬೇಡ ಅನ್ನುವುದು ದುಡುಕು. ಅಂಗಾಂಗ ಕಸಿಯ 1994ರ ಕಾಯ್ದೆಯ ಪ್ರಕಾರ ಒಡಹುಟ್ಟಿದವರು ಹತ್ತಿರದ ಬಂಧುಗಳು, ಕೊಡಬಹುದು. ಕೊಡುವವರ ಬಿಪಿ, ಶುಗರ್, ಕಿಡ್ನಿ, ಮನಸ್ಸು ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಅವರಿಗೆ ಅಪಾಯ ಕಂಡರೆ ವೈದ್ಯರೇ ಬೇಡ ಅನ್ನುತ್ತಾರೆ. ಆರೋಗ್ಯವಂತರು ಒಂದು ಕಿಡ್ನಿಯಲ್ಲಿ ಚೆನ್ನಾಗಿಯೇ ಬದುಕುತ್ತಾರೆ, ಆದರೂ ಅದು ದೊಡ್ಡ ಆಪರೇಷನ್ ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಅದಕ್ಕೇ ನಿಮ್ಮ ತಂಗಿ ವೈದ್ಯರೊಡನೆ, ಮನೆಯವರು ಯಾರೂ ಪಕ್ಕದಲ್ಲಿಲ್ಲದಾಗ, ಒಬ್ಬಳೇ ಮಾತಾಡಲಿ. ಯಾವ ಹಂತದಲ್ಲಾದರೂ ‘ಆಗಲ್ಲ ಅಣ್ಣಾ’ ಅನ್ನುವ ದಾರಿ ಅವಳಿಗೆ ತೆರೆದಿರಲಿ. ರಕ್ತದ ಗುಂಪು ಹೊಂದದಿದ್ದರೆ ಎರಡು ಕುಟುಂಬಗಳು ಅದಲುಬದಲು ಮಾಡಿಕೊಳ್ಳಲು ಕಾನೂನು ಬಿಡುತ್ತದೆ. ಮಿದುಳು ನಿಷ್ಕ್ರಿಯವಾದವರಿಂದ ಬರುವ ಕಿಡ್ನಿಗಾಗಿ ಕಸಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಿ, ಸರತಿ ಉದ್ದ, ಬೇಗ ನಿಂತಷ್ಟು ಒಳ್ಳೆಯದು. ಖರ್ಚಿಗೆ ಸರ್ಕಾರದ ನೆರವೇನಿದೆ ಎಂದು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ. ಕಿಡ್ನಿ ಕೊಡಿಸುತ್ತೇನೆಂದು ಬರುವ ದಲ್ಲಾಳಿಯನ್ನು ಹೊಸ್ತಿಲೊಳಗೆ ಬಿಡಬೇಡಿ, ಮಾರುವುದೂ ಕೊಳ್ಳುವುದೂ ಅಪರಾಧ. ಕಸಿಯಾದರೂ ಜೀವನಪೂರ್ತಿ ಮಾತ್ರೆ ನುಂಗಬೇಕು ಎಂಬುದೂ ತಿಳಿದಿರಲಿ.

ಪಂಡಿತರ ಪುಡಿಯನ್ನು ತಿನ್ನಬೇಡಿ. ಇಂಥ ಪುಡಿ, ಭಸ್ಮಗಳಲ್ಲಿ ಕೆಲವಕ್ಕೆ ಸೀಸ, ಪಾದರಸ ಸೇರಿರುತ್ತದೆ. ತಂದವರಿಗೆ ನಿಮ್ಮ ಮೇಲೆ ಪ್ರೀತಿಯಿದೆ, ಜಗಳ ಬೇಡ. ‘ಡಾಕ್ಟ್ರನ್ನ ಕೇಳಿ ತಗೋತೀನಿ ಮಾವಾ’ ಅನ್ನಿ, ಪೊಟ್ಟಣವನ್ನು ನಿಜವಾಗಿಯೂ ವೈದ್ಯರಿಗೆ ತೋರಿಸಿ.

ಪ್ರಯೋಜನವೇನು ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ನಾನು ಬರೆದುಕೊಡಲಾರೆ. ನಿಮ್ಮ ಐದು ದಿನಗಳು ಏನು ಹೇಳುತ್ತವೋ ಅದೇ ಉತ್ತರ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಸೋಮವಾರ, ಗುರುವಾರ ಏನೇ ಆದರೂ ಆಸ್ಪತ್ರೆ. ಮಂಗಳವಾರ, ಶುಕ್ರವಾರ ಸುಸ್ತು ನೋಡಿಕೊಂಡು ಬರೀ ನಡಿಗೆ. ಬುಧವಾರ, ಶನಿವಾರ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಿಷನ್ ಮುಂದೆ ಕೂರುವುದು. ಮುಂದಿನ ಸೋಮವಾರ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನನ್ನ ಡ್ರೈ ವೇಟ್, ಅಂದರೆ ಹೆಚ್ಚಿನ ನೀರು ತೆಗೆದ ಮೇಲಿನ ತೂಕ, ಎಷ್ಟಿರಬೇಕು? ಪೊಟ್ಯಾಶಿಯಂ, ಹಿಮೋಗ್ಲೋಬಿನ್ ಎಷ್ಟಿದೆ? ಎರಡು ಸರದಿ ಸಾಕೇ? ತಂಗಿಯ ತಪಾಸಣೆಗೆ ಎಲ್ಲಿಗೆ ಹೋಗಬೇಕು? ಮನಸ್ಸಿನ ಬೇಜಾರನ್ನು ಐದನೆಯದಾಗಿ, ಬರೆಯದಿದ್ದರೂ, ಹೇಳಲೇಬೇಕು. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ನೀವು ಏನೇನು ಮಾಡಬಹುದು ಎಂಬುದನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.